ಅಜ್ಜಿಯ ಮಡಿಲು, ಮಗುವಿನ ಸೀಟು

ಹಲಗೂರಿನ ಕುಟುಂಬವೊಂದು ಹೊಸ ಕಾರು ಕೊಂಡಿತ್ತು. ಆಶೀರ್ವದಿಸಲು ನನ್ನನ್ನು ಕರೆದಿದ್ದರು. ಪ್ರಾರ್ಥನೆ ಮುಗಿಸಿ ಪವಿತ್ರ ಜಲ ಚಿಮುಕಿಸಿದೆ. ಕನ್ನಡಿಗೆ ಜಪಮಾಲೆ ಕಟ್ಟಿದರು. ಎಲ್ಲರೂ ಕನಕಪುರದ ಕಡೆಗೆ ಹೊರಟು ನಿಂತರು. ಮುಂದಿನ ಸೀಟಿನಲ್ಲಿ ಅಜ್ಜಿ, ಅವರ ಮಡಿಲಲ್ಲಿ ಹತ್ತು ತಿಂಗಳ ಮೊಮ್ಮಗಳು. ಮಗುವಿಗೆಂದೇ ಮಾಡಿದ ಸೀಟು ತರಬೇಕೆಂದು ಸೊಸೆ ಮೆಲ್ಲಗೆ ಹೇಳಿದ್ದೇ ತಡ, ಅಜ್ಜಿ ನನ್ನತ್ತ ತಿರುಗಿದರು: "ನೀವೇ ಹೇಳಿ ಸ್ವಾಮೇರೇ, ಐದ್ ಮಕ್ಳ ಸಾಕಿವ್ನಿ. ನನ್ ಮಡ್ಲಿಗಿಂತ ಆ ಪಿಲಾಸ್ಟಿಕ್ ಕುರ್ಚಿನೇ ಗಟ್ಟಿಯಾ?"

ನಾನು ನಕ್ಕು ಸುಮ್ಮನಾದೆ. ಸಂಜೆ ಎಲ್ಲರೂ ಕ್ಷೇಮವಾಗಿ ಮರಳಿದರು. ಆದರೂ ಆ ನನ್ನ ನಗು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಏನೂ ಆಗಲಿಲ್ಲವಲ್ಲ, ಮತ್ತೇಕೆ ಚಿಂತೆ ಎಂದು ನೀವು ಕೇಳಬಹುದು. ಗುರುಮಠದಲ್ಲಿ ನೀತಿಶಾಸ್ತ್ರ ಓದುವಾಗ ಇಂಥದೇ ಪ್ರಶ್ನೆಯನ್ನು ನಾವು ಗಂಟೆಗಟ್ಟಲೆ ಚರ್ಚಿಸಿದ್ದುಂಟು. ಇಬ್ಬರು ತಂದೆಯರು ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ, ಮಕ್ಕಳಿಗೆ ಬೆಲ್ಟ್ ಹಾಕದೆ ಹೋಗುತ್ತಾರೆ. ಒಬ್ಬನ ಕಾರಿಗೆ ಕತ್ತಲಲ್ಲಿ ಕಬ್ಬಿನ ಗಾಡಿ ಅಡ್ಡ ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ಊರೆಲ್ಲ ಮೊದಲನೆಯವನನ್ನು ದೂರುತ್ತದೆ. ಎರಡನೆಯವನು ಮನೆಗೆ ಬಂದು ಊಟ ಮಾಡಿ ಮಲಗುತ್ತಾನೆ. ದೇವರ ಮುಂದೆ ಇಬ್ಬರ ಅಂತಃಸಾಕ್ಷಿಯೂ ಒಂದೇ ಅಲ್ಲವೇ? ಅಪಘಾತವಾಗದಿದ್ದುದು ಅವನ ಪುಣ್ಯವಲ್ಲ. ಹಾಗೆಯೇ, ಅಪಾಯವೇ ತಿಳಿಯದೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕಳೆದುಕೊಂಡ ತಾಯಿಯ ಮೇಲೆ ದೋಷ ಹೊರಿಸುವುದು ಕ್ರೂರತನ. ತಿಳಿದೂ ಹೇಳದವರ ಪಾಡು ಬೇರೆ. ನಾನು ಆ ಗುಂಪಿನವನು.

ಅಜ್ಜಿಯ ಪ್ರಶ್ನೆಗೆ ಉತ್ತರ ಪ್ರೀತಿಯಲ್ಲಿಲ್ಲ, ತೂಕದಲ್ಲಿದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಮರಕ್ಕೆ ಗುದ್ದಿ ನಿಂತರೂ ಒಳಗಿನ ಮಗು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ 10 ಕಿಲೋ ಮಗುವನ್ನು ತಡೆದು ನಿಲ್ಲಿಸಲು ಹೆಚ್ಚುಕಡಿಮೆ 300 ಕಿಲೋ ಭಾರ ಹಿಡಿಯುವಷ್ಟು ಬಲ ಬೇಕು. ಕ್ವಿಂಟಾಲಿನ ಮೂರು ರಾಗಿ ಮೂಟೆ! ಯಾವ ತಾಯಿಯ ತೋಳಿಗೂ ಆ ಶಕ್ತಿಯಿಲ್ಲ. ಬೆಲ್ಟ್ ಹಾಕದ ಅಜ್ಜಿಯೇ ಮಗುವಿನ ಮೇಲೆ ಬೀಳುತ್ತಾರೆ. ಮುಂದಿನ ಸೀಟಾದರೆ, ದೊಡ್ಡವರನ್ನು ಕಾಯುವ ಏರ್‌ಬ್ಯಾಗೇ ಸಿಡಿದು ಕೂಸನ್ನು ಕೊಲ್ಲಬಹುದು.

ಇದು ನಮ್ಮ ಅಜ್ಜಿಯೊಬ್ಬರ ತಪ್ಪು ತಿಳಿವಳಿಕೆಯಲ್ಲ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಹಟ ಹಿಡಿದು, ಕಾರಿನಲ್ಲಿ ಮಗುವಿಗೆ ಸುರಕ್ಷಾ ಸೀಟು ಬೇಕೆಂಬ ಕಾನೂನು ಮಾಡಿಸಿದರು. ಆ ದೇಶದಲ್ಲೇ ಮೊದಲನೆಯದಾದ ಅದು 1978ರಲ್ಲಿ ಜಾರಿಗೆ ಬಂತು. ಆದರೆ ಶಾಸಕರು ಅದರಲ್ಲೊಂದು ಕಿಂಡಿ ಬಿಟ್ಟಿದ್ದರು: ದೊಡ್ಡವರು ಮಗುವನ್ನು ತೋಳಲ್ಲಿ ಎತ್ತಿಕೊಂಡಿದ್ದರೆ ಸಾಕು ಎಂದು. ತಾಯಿಯ ತೋಳಿಗಿಂತ ಭದ್ರವಾದುದು ಇನ್ನೇನಿದೆ ಎಂದು ಅವರಿಗೂ ಅನ್ನಿಸಿರಬೇಕು. ಆ ಕಿಂಡಿ ಮುಚ್ಚಲು 1981ರವರೆಗೆ ಕಾಯಬೇಕಾಯಿತು.

"ಎಲ್ಲಾ ದೇವರ ಚಿತ್ತ ಫಾದರ್, ಸೀಟು ಕೊಂಡರೆ ಸಾವು ತಪ್ಪುತ್ತದೆಯೇ?" ಎನ್ನುವವರೂ ನಮ್ಮಲ್ಲಿದ್ದಾರೆ. ಸೈತಾನನು ಯೇಸುವನ್ನು ದೇವಾಲಯದ ಶಿಖರಕ್ಕೆ ಕರೆದೊಯ್ದ ಪ್ರಸಂಗವನ್ನು ಇವರು ನೆನೆಯಲಿ. ಧುಮುಕು, ದೂತರು ಕೈಗಳಲ್ಲಿ ಆತುಕೊಳ್ಳುತ್ತಾರೆ ಎಂದು ದೇವರ ವಾಕ್ಯವನ್ನೇ ಉದಾಹರಿಸಿದವನು ಸೈತಾನ. ದೇವರನ್ನು ಪರೀಕ್ಷಿಸಲು ಯೇಸು ಒಪ್ಪಲಿಲ್ಲ. 50 ಕಿ.ಮೀ. ವೇಗದಲ್ಲಿ ಗುದ್ದುವುದೂ ಸುಮಾರು 32 ಅಡಿ ಎತ್ತರದಿಂದ ಬೀಳುವುದೂ ಒಂದೇ. ಬೆಲ್ಟ್ ಇಲ್ಲದ ಮಗುವನ್ನು ನಾವು ಅಂಥದೊಂದು ಶಿಖರದ ಅಂಚಿನಲ್ಲಿ ಕೂರಿಸಿ ದೂತರನ್ನು ಕಾಯುತ್ತಿದ್ದೇವೆ. ದೇವರು ತನ್ನ ಪಾಲನೆಯನ್ನು ಸೃಷ್ಟಿಗಳ ಮೂಲಕವೂ ನಡೆಸುತ್ತಾನೆ, ಕಾರಣವಾಗುವ ಗೌರವವನ್ನು ಅವುಗಳಿಗೂ ಕೊಡುತ್ತಾನೆ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಬಕಲ್ ಹಾಕುವ ತಂದೆಯ ಬೆರಳೂ ಆ ಪಾಲನೆಯೊಳಗೇ ಇದೆ.

ಕಾನೂನಿನ ಮಾತೂ ಇರಲಿ. 2019ರ ಮೋಟಾರು ವಾಹನ ತಿದ್ದುಪಡಿಯಂತೆ, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಓಡಿಸಿದರೆ 1000 ರೂಪಾಯಿ ದಂಡ. ಬೈಕೇ ನಮ್ಮ ಹೆಚ್ಚಿನ ಮನೆಗಳ ಕಾರು. ಅಲ್ಲಿಯೂ 2023ರ ಫೆಬ್ರವರಿಯಿಂದ, ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಸವಾರನಿಗೆ ಪಟ್ಟಿಯಿಂದ ಬಿಗಿದಿರಬೇಕು, ಮಗುವಿಗೆ ಹೆಲ್ಮೆಟ್ ಇರಬೇಕು, ವೇಗ 40 ಮೀರಬಾರದು.

ಮುಂದಿನ ವಾರ ನಾನೇ ಆ ಮನೆಗೆ ಹೋದೆ. ಹಸುಗೂಸಿನ ತಲೆ ಭಾರ, ಕತ್ತು ಎಳಸು. ಆದ್ದರಿಂದ ಸೀಟನ್ನು ಹಿಂದುಗಡೆ, ಕಾರಿನ ಬೆನ್ನಿಗೆ ಮುಖ ಮಾಡಿ ಕಟ್ಟಬೇಕೆಂದು ವಿವರಿಸಿದೆ. ಅಂದು ನಕ್ಕಿದ್ದು ನನ್ನ ತಪ್ಪೆಂದೂ ಹೇಳಿದೆ. ಅಜ್ಜಿ ಮೊದಲು ಮುನಿಸಿಕೊಂಡರು. "ಮಗ ಅತ್ರೆ?" ಎಂದರು. ಕಾರು ನಿಲ್ಲಿಸಿ ಎತ್ತಿಕೊಳ್ಳಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ್ರ ಪಕ್ಕದಲ್ಲೇ ನಾನೂ ಕೂತ್ಕೋಬೌದಾ ಸ್ವಾಮೇರೇ?" ಎಂದು ಕೇಳಿದರು.