ಮುಂಜಾನೆಯ ಸಾಕ್ಷಿ

ಇಟಗಿಯ ನಮ್ಮ ಮನೆಯಲ್ಲಿ 20 ವರ್ಷ ಹಳೆಯ ಪೆಟ್ರೋಲ್ ಕಾರೊಂದಿದೆ. ಕಾರ್ಬ್ಯುರೇಟರ್ ಕಾಲ ಮುಗಿದು ಇಂಜೆಕ್ಷನ್ ಬಂದ ಮೇಲಿನದು. ಕಳೆದ ಚಳಿಗಾಲ ಅದಕ್ಕೊಂದು ರೋಗ ಹತ್ತಿತು. ಮುಂಜಾನೆ ಸ್ಟಾರ್ಟ್ ಆಗುತ್ತದೆ, ಕ್ಷಣಹೊತ್ತು ನಡುಗಿ ಬಂದ್ ಬೀಳುತ್ತದೆ. ನಾಲ್ಕೈದು ಸಲ ಹೀಗಾಗಿ ಒಮ್ಮೆ ಉಸಿರು ಹಿಡಿದರೆ ಆಮೇಲೆ ದಿನವಿಡೀ ತಕರಾರಿಲ್ಲ.

ಅಪ್ಪ ಅದನ್ನು ಗ್ಯಾರೇಜಿಗೆ ಮೂರು ಸಲ ಒಯ್ದ. ಅಲ್ಲಿ ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ರೋಗ ಮಾಯವಾಗಿರುತ್ತಿತ್ತು. “ಗಾಡಿ ಛಲೋ ಐತಲ್ರೀ” ಎನ್ನುತ್ತಿದ್ದ ಮೆಕ್ಯಾನಿಕ್. ಆದರೂ ಒಮ್ಮೆ ಪ್ಲಗ್, ಒಮ್ಮೆ ಫಿಲ್ಟರ್, ಒಮ್ಮೆ ಬ್ಯಾಟರಿ ಬದಲಾದವು. ರಜೆಗೆ ಬಂದ ನಾನೂ “ಅಪ್ಪಾ, ನೀನ ಎಕ್ಸಲೇಟರ್ ಸರಿ ಕೊಡಂಗಿಲ್ಲ ಬಿಡು” ಅಂದುಬಿಟ್ಟೆ. ಅಪ್ಪ ಸುಮ್ಮನಾದ.

ನನ್ನ ಪಿಎಚ್.ಡಿ. ಶಾಸನಗಳ ಮೇಲೆ. ನಮ್ಮೂರ ಮಹಾದೇವ ದೇವಾಲಯವನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದನೆಂದು, ಅದು ‘ದೇವಾಲಯ ಚಕ್ರವರ್ತಿ’ಯೆಂದು ಕಲ್ಲು ಹೇಳಿದರೆ ಗೌರವದಿಂದ ಕೇಳುತ್ತೇನೆ. ಒಂಬೈನೂರು ವರ್ಷದ ಹಿಂದಿನ ಮಾತಿಗೆ ಕಿವಿಗೊಡುವ ನನಗೆ ಇವತ್ತಿನ ಮುಂಜಾನೆಯ ಬಗ್ಗೆ ಅಪ್ಪ ಆಡಿದ ಮಾತು ಯಾಕೆ ಸಾಲಲಿಲ್ಲ?

ನ್ಯಾಯದರ್ಶನವು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪುತ್ತದೆ. ನಂಬಲರ್ಹರ ಮಾತೂ ಅರಿವಿನ ದಾರಿಯೇ. ಚಾರ್ವಾಕರಿಗೆ ಪ್ರತ್ಯಕ್ಷವೊಂದೇ ಸಾಕು. ಗ್ಯಾರೇಜಿನ ಬಾಗಿಲಲ್ಲಿ ನಾವೆಲ್ಲ ಚಾರ್ವಾಕರಾಗಿದ್ದೆವು.

ಕೊನೆಗೆ ಐಟಿಐ ಮುಗಿಸಿದ ನಮ್ಮೂರ ಹುಡುಗನೊಬ್ಬ ಅಪ್ಪನನ್ನು ಕೇಳಿದ್ದು ಒಂದೇ ಪ್ರಶ್ನೆ: “ಕಾಕಾ, ಎಷ್ಟ್ ಹೊತ್ತಿಗೆ ಬರ್ಲಿ?” ಮುಂಜಾನೆ ಆರಕ್ಕೆ ಬಂದು, ಕೀಲಿ ತಿರುವುವ ಮೊದಲೇ ಬಾನೆಟ್ ತೆರೆದ. ರಾತ್ರಿಯಿಡೀ ನಿಂತ ಎಂಜಿನ್ ಹೊರಗಿನ ಗಾಳಿಯಷ್ಟೇ ತಣ್ಣಗಿರಬೇಕು. ಅದರ ಉಷ್ಣತೆಯನ್ನು ಕಂಪ್ಯೂಟರಿಗೆ ತಿಳಿಸುವುದು ಕೂಲಂಟ್ ಸೆನ್ಸರ್. ತಣ್ಣಗಿದ್ದಾಗ ಅದರ ವಿದ್ಯುತ್ ರೋಧ ಹೆಚ್ಚು, ಬಿಸಿಯಾದಂತೆ ಕಡಿಮೆ. 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ಇರಬೇಕಾದದ್ದು 400ರ ಆಸುಪಾಸಿನಲ್ಲಿತ್ತು. ಅಂದರೆ ಎಂಜಿನ್ ಬಿಸಿಯಿದೆಯೆಂದು ಸೆನ್ಸರ್ ಸುಳ್ಳು ಹೇಳುತ್ತಿತ್ತು. ಅದನ್ನು ನಂಬಿದ ಕಂಪ್ಯೂಟರ್, ತಣ್ಣನೆಯ ಎಂಜಿನ್ನಿಗೆ ಬೇಕಾದ ಹೆಚ್ಚುವರಿ ಪೆಟ್ರೋಲ್ ಬಿಡುತ್ತಿರಲಿಲ್ಲ. ಬಿಸಿ ಎಂಜಿನ್ನಿನಲ್ಲಿ 400 ಸಹಜ ಅಂಕಿಯೇ ಆದ್ದರಿಂದ ಎಚ್ಚರಿಕೆಯ ದೀಪವೂ ಹೊತ್ತಿರಲಿಲ್ಲ. ಗಾಡಿ ಓಡಿ ಬಿಸಿಯಾದ ಮೇಲೆ ಆ ಸುಳ್ಳೇ ನಿಜವಾಗುತ್ತಿತ್ತು. ಗ್ಯಾರೇಜಿನಲ್ಲಿ ತಪ್ಪು ಸಿಗದಿದ್ದುದು ಅದಕ್ಕೇ.

ಕಂಪ್ಯೂಟರ್ ಸುಳ್ಳು ಸಾಕ್ಷಿಯನ್ನು ಪರೀಕ್ಷಿಸದೆ ನಂಬಿತ್ತು. ನಾವು ನಿಜವಾದ ಸಾಕ್ಷಿಯನ್ನು ಪರೀಕ್ಷಿಸದೆ ತಳ್ಳಿಹಾಕಿದ್ದೆವು. ಹಾಗಾದರೆ ನಂಬುವುದೆಂದರೇನು? ಕೇಳಿದ್ದನ್ನೆಲ್ಲ ಒಪ್ಪುವುದಂತೂ ಅಲ್ಲ. ಆ ಹುಡುಗನೂ ಅಪ್ಪನ ಮಾತು ಕೇಳಿ ಸುಮ್ಮನೆ ತಲೆಯಾಡಿಸಲಿಲ್ಲ, ಅಳೆದು ನೋಡಿದ. ಆದರೆ ಅಳೆಯಲು ಅಪ್ಪ ಹೇಳಿದ ಹೊತ್ತಿಗೇ ಬಂದ. ಇನ್ನೊಬ್ಬರ ಕಷ್ಟವನ್ನು ನಂಬುವ ಮೊದಲ ಹೆಜ್ಜೆ ಅದು ಎಂದು ನನಗೀಗ ಅನ್ನಿಸುತ್ತದೆ.

ಅವ್ವನೂ ವರ್ಷದಿಂದ ಹೇಳುತ್ತಿದ್ದಳು: “ಮುಂಜಾನೆ ಬೆರಳು ಮಡಚಾಕ ಬರಂಗಿಲ್ಲೋ.” ಮಧ್ಯಾಹ್ನ ದವಾಖಾನೆ ಮುಟ್ಟುವಷ್ಟರಲ್ಲಿ ಬೆರಳು ಸಡಿಲವಾಗಿರುತ್ತಿದ್ದವು. ವಯಸ್ಸಾಯಿತು ಎಂದು ಕಳಿಸುತ್ತಿದ್ದರು. ನಾವೂ ಹಾಗೇ ಅಂದಿದ್ದೆವು.

ಹೊಸ ಸೆನ್ಸರ್ ಹಾಕಿಸಿದ ಮರುದಿನ ಐದೂವರೆಗೆ ಎದ್ದು ಅಡಿಗೆಮನೆಗೆ ಹೋದೆ. ಅವ್ವ ನೀರಿನ ತಂಬಿಗೆಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತುತ್ತಿದ್ದಳು. ಒಂದು ಬೆರಳೂ ಮಡಚಿರಲಿಲ್ಲ.