ಖಾಲಿ ಜಾಗ ಎಂಬ ಮಾತು

ಬೆಂಗಳೂರಿನಲ್ಲಿ ಮನೆ, ಜಾಗ ಹುಡುಕುವವರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುವ ಮಾತು 'ಖಾಲಿ ಸೈಟು'. ಆ ಸೈಟಿನಲ್ಲಿ ಮಧ್ಯಾಹ್ನ ಹಸು ಮಲಗಿರುತ್ತದೆ, ಸಂಜೆ ಹುಡುಗರು ಕ್ರಿಕೆಟ್ ಆಡುತ್ತಾರೆ, ಮೂಲೆಯಲ್ಲಿ ಪಕ್ಕದ ಕಟ್ಟಡದ ಕೆಲಸಕ್ಕೆ ಬಂದವರ ತಗಡಿನ ಶೆಡ್ಡಿರುತ್ತದೆ. ಆದರೂ ಅದು ಖಾಲಿ. ಅಲ್ಲಿರುವುದು ಯಾವುದೂ ಲೆಕ್ಕಕ್ಕಿಲ್ಲ ಎಂಬುದನ್ನೇ ನಾವು ಹೀಗೆ ಹೇಳುತ್ತಿರುತ್ತೇವೆ. ಇಂಥದೇ ಒಂದು ಪದದ ಅರ್ಥದ ಮೇಲೆ ಒಂದು ಮಹಾನಗರದ ನೂರಾರು ಎಕರೆ ಜಮೀನಿನ ಹಣೆಬರಹ ತೀರ್ಮಾನವಾದದ್ದುಂಟು. ಆ ನಗರ ಮುಂಬೈ.

ಪರೇಲ್, ಲಾಲ್‌ಬಾಗ್, ವರ್ಲಿ ಸುತ್ತಮುತ್ತಲ ಪ್ರದೇಶವನ್ನು ಮರಾಠಿಯಲ್ಲಿ 'ಗಿರಣಗಾಂವ್' ಎನ್ನುತ್ತಾರೆ, ಗಿರಣಿಗಳ ಊರು. 1850ರ ದಶಕದಿಂದ ಅಲ್ಲಿ ಹತ್ತಿ ಬಟ್ಟೆಯ ಗಿರಣಿಗಳು ಎದ್ದು ನಿಂತವು. ಕೊಂಕಣ, ಸಾತಾರಾ, ಕೊಲ್ಲಾಪುರಗಳಿಂದ ಬಂದವರು ಚಾಳುಗಳ ಒಂದೊಂದು ಕೋಣೆಯಲ್ಲಿ ಹತ್ತಾರು ಜನ ಪಾಳಿಯಂತೆ ಮಲಗಿ, ಪಾಳಿಯಂತೆ ದುಡಿದರು. 1982ರ ಜನವರಿ 18ರಂದು ದತ್ತಾ ಸಾಮಂತ್ ಅವರ ಮುಂದಾಳ್ತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದನ್ನು ಅಧಿಕೃತವಾಗಿ ಹಿಂದೆಗೆದುಕೊಂಡೇ ಇಲ್ಲ ಎಂದು ಹೇಳುವವರಿದ್ದಾರೆ. ಹಲವು ಗಿರಣಿಗಳ ಬಾಗಿಲು ಮತ್ತೆ ತೆರೆಯಲಿಲ್ಲ. ನಗರದ ನಟ್ಟನಡುವೆ ಸುಮಾರು 600 ಎಕರೆ ಗಿರಣಿ ಜಮೀನಿತ್ತು. ಅದರ ಬಹುಭಾಗ ಬೀಗ ಹಾಕಿಕೊಂಡು, ಹುಲ್ಲು ಬೆಳೆಸಿಕೊಂಡು ವರ್ಷಗಟ್ಟಲೆ ಬಿದ್ದುಕೊಂಡಿತು.

1991ರಲ್ಲಿ ಒಂದು ನಿಯಮ ಬಂತು. ಗಿರಣಿಯ ಜಾಗವನ್ನು ಬೇರೆ ಉಪಯೋಗಕ್ಕೆ ತರುವುದಾದರೆ, ಸ್ಥೂಲವಾಗಿ ಮೂರನೆಯ ಒಂದು ಪಾಲು ನಗರಪಾಲಿಕೆಗೆ, ಉದ್ಯಾನ ಮೈದಾನಗಳಿಗಾಗಿ, ಇನ್ನೊಂದು ಪಾಲು ಸರ್ಕಾರದ ವಸತಿ ಮಂಡಳಿಗೆ, ಉಳಿದದ್ದು ಮಾಲೀಕರಿಗೆ. ಆದರೆ ಮಾಲೀಕರು ಹೆಚ್ಚಾಗಿ ಮುಂದೆ ಬರಲಿಲ್ಲ. 2001ರಲ್ಲಿ ಸರ್ಕಾರ ನಿಯಮವನ್ನು ತಿದ್ದಿತು. ಇಡೀ ಜಮೀನನ್ನು ಹಂಚಬೇಕಿಲ್ಲ, ಅದರೊಳಗಿನ 'ತೆರೆದ ಜಮೀನ'ನ್ನು ಮಾತ್ರ ಹಂಚಿದರೆ ಸಾಕು ಎಂದಾಯಿತು. ಗಿರಣಿ ಎಂದರೆ ಉದ್ದಕ್ಕೂ ಹರಡಿಕೊಂಡ ಶೆಡ್ಡುಗಳು. ಅವುಗಳ ನಡುವೆ ತೆರೆದ ಜಾಗ ಎಷ್ಟಿದ್ದೀತು?

ಮಾತು ಕೋರ್ಟಿಗೆ ಹೋಯಿತು. ಶೆಡ್ಡು ಕೆಡವಿದ ಮೇಲೆ ತೆರೆದುಕೊಳ್ಳುವ ಜಾಗವೂ ತೆರೆದ ಜಮೀನೇ ಎಂದು 2005ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ, ಮೊದಲಿನಿಂದಲೇ ಕಟ್ಟಡವಿಲ್ಲದ ಜಾಗ ಮಾತ್ರ ಅದರೊಳಗೆ ಬರುತ್ತದೆ ಎಂದಿತು. ಒಂದು ಪದದ ಅರ್ಥ ಕುಗ್ಗಿದ್ದೇ ತಡ, ಉದ್ಯಾನಗಳೂ ಬಡವರ ಮನೆಗಳೂ ಅದರ ಜೊತೆಗೇ ಕುಗ್ಗಿದವು. ಇಂದು ಫೀನಿಕ್ಸ್ ಗಿರಣಿಯ ಜಾಗದಲ್ಲಿ ಮಾಲ್ ಇದೆ, ಶ್ರೀನಿವಾಸ ಗಿರಣಿಯ ಜಾಗದಲ್ಲಿ ವರ್ಲ್ಡ್ ಒನ್ ಎಂಬ ಗಗನಚುಂಬಿ ಅಪಾರ್ಟ್‌ಮೆಂಟ್ ನಿಂತಿದೆ.

ಸಾಹಿತ್ಯ ಓದುವ ನಮ್ಮಂಥವರಿಗೆ ಇಲ್ಲಿ ಒಂದು ಸುಲಭದ ದಾರಿ ಇದೆ. ಹಳೆಯ ಹೊಗೆಕೊಳವೆಯನ್ನು ನೋಡಿ ಕಣ್ಣು ತೇವ ಮಾಡಿಕೊಂಡು, ಕಾಲ ಬದಲಾಯಿತು ಎಂದು ಬರೆದುಬಿಡುವುದು. ಆದರೆ ಗಿರಣಿ ಸ್ವರ್ಗವೇನೂ ಆಗಿರಲಿಲ್ಲ. ಹತ್ತಿಯ ಧೂಳು ಎಷ್ಟೋ ಜನರ ಶ್ವಾಸಕೋಶ ತಿಂದಿದೆ. ನಗರಕ್ಕೆ ಮನೆಗಳು ಬೇಕು ಎಂಬುದೂ ಸತ್ಯ. ದಶಕಗಟ್ಟಲೆ ಬೀಗ ಹಾಕಿಕೊಂಡ ಜಾಗ ಯಾರಿಗೂ ನೆರಳಾಗಲಿಲ್ಲ. ಮಾಲೀಕರ ಪರವಾಗಿ ಹೇಳಬೇಕಾದದ್ದೂ ಇದೆ: ಕಾಗದಪತ್ರ ಅವರ ಹೆಸರಿನಲ್ಲಿತ್ತು, ನಷ್ಟ ಅವರ ಲೆಕ್ಕದಲ್ಲಿತ್ತು, ಜಮೀನು ಮಾರಿದ ಹಣದಿಂದ ಕಾರ್ಮಿಕರ ಬಾಕಿ ತೀರಿಸಬೇಕೆಂಬ ಷರತ್ತೂ ಇತ್ತು. ಹಾಗಾಗಿ ಅಪಾರ್ಟ್‌ಮೆಂಟ್ ಕಟ್ಟಬಾರದಿತ್ತು ಎನ್ನುವುದು ನನ್ನ ವಾದವಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಊರ ಹೊರಗಿನ ಜಮೀನು ಊರ ನಡುವಿನ ಚಿನ್ನವಾದದ್ದು ಯಾರ ದುಡಿಮೆಯಿಂದ? ಆ ಬೆಲೆಯಲ್ಲಿ ಅವರಿಗೆ ಪಾಲಿಲ್ಲವೇ?

ಹದಿನೇಳನೆಯ ಶತಮಾನದ ತತ್ವಜ್ಞಾನಿ ಜಾನ್ ಲಾಕ್, ಮನುಷ್ಯ ತನ್ನ ದುಡಿಮೆಯನ್ನು ನೆಲದೊಡನೆ ಬೆರೆಸಿದಾಗ ಅದು ಅವನದಾಗುತ್ತದೆ ಎಂದು ವಾದಿಸಿದ. ಅದೇ ಲಾಕ್ ಅಮೆರಿಕದ ಮೂಲನಿವಾಸಿಗಳು ಓಡಾಡಿಕೊಂಡಿದ್ದ, ಬೇಟೆಯಾಡುತ್ತಿದ್ದ ನೆಲವನ್ನು ಪಾಳು ಎಂದೂ ಕರೆದ. ಯಾವ ದುಡಿಮೆ ದುಡಿಮೆ, ಯಾವ ನೆಲ ಪಾಳು ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆಯೋ ಆಸ್ತಿಯೂ ಅವರ ಕಡೆಗೇ ವಾಲುತ್ತದೆ.

ಈ ವಾದ ನಮಗೆ ಹೊಸದೇನಲ್ಲ. 'ಉಳುವವನೇ ಹೊಲದೊಡೆಯ' ಎಂಬ ಮಾತನ್ನು ಕೇಳಿಕೊಂಡು ಬೆಳೆದ ನಾಡು ನಮ್ಮದು. ದೇವರಾಜ ಅರಸು ಅವರ ಕಾಲದಲ್ಲಿ, 1974ರ ತಿದ್ದುಪಡಿಯಿಂದ ಗೇಣಿದಾರರು ಜಮೀನಿನ ಒಡೆಯರಾದರು. ಉಳುವವನಿಗೆ ಒಪ್ಪಿದ ನ್ಯಾಯ ನೂಲುವವನಿಗೆ ಯಾಕಿಲ್ಲ? ಗೇಣಿದಾರ ಬೇರೆ, ಸಂಬಳಕ್ಕೆ ದುಡಿಯುವವನು ಬೇರೆ ಎಂಬ ಉತ್ತರ ಬರುತ್ತದೆ. ಅದು ಸರಿಯೇ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಕಾನೂನಿನಿಂದ ಹೊಲ ಸಿಗಲಿಲ್ಲ. ಆದರೆ ಆ ಉತ್ತರ ಪ್ರಶ್ನೆಯನ್ನು ಮುಗಿಸುವುದಿಲ್ಲ, ಇನ್ನಷ್ಟು ಹಿಂದಕ್ಕೆ ಒಯ್ಯುತ್ತದೆ. ಪಾಲು ಕೇಳುವವರ ಪಟ್ಟಿಯನ್ನು ಎಲ್ಲಿಗೆ ನಿಲ್ಲಿಸುವುದು?

ಮುಂಬೈಯಲ್ಲಿ ಈ ಪಟ್ಟಿ ನಿಜಕ್ಕೂ ತಯಾರಾಯಿತು. 1982ರ ಜನವರಿ 1ರಂದು ಅಥವಾ ಆಮೇಲೆ ಗಿರಣಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು, ಅವರು ತೀರಿಕೊಂಡಿದ್ದರೆ ವಾರಸುದಾರರು, ಮನೆಗೆ ಅರ್ಜಿ ಹಾಕಬಹುದಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. 2012ರಲ್ಲಿ ಲಾಟರಿ ಎತ್ತಿ ಮನೆ ಹಂಚುವುದು ಶುರುವಾಯಿತು. ಸಿಕ್ಕವರು ಕೆಲವರೇ. ಉಳಿದವರಿಗಾಗಿ ಕರ್ಜತ್ ದಾರಿಯ ಶೇಲು, ವಾಂಗಣಿಗಳಲ್ಲಿ ಮನೆ ಕಟ್ಟುವ ಮಾತು ಬಂದಾಗ, ನಾವು ದುಡಿದದ್ದು ಮುಂಬೈಯಲ್ಲಿ, ಮನೆಯೂ ಮುಂಬೈಯಲ್ಲೇ ಬೇಕು ಎಂದು ಕಾರ್ಮಿಕರು ಹಟ ಹಿಡಿದರು. ಅವರು ಬರಿಯ ಸೂರು ಕೇಳಿದ್ದರೆ ಶೇಲು ಸಾಕಿತ್ತು. ಕೇಳಿದ್ದು ತಾವು ಬೆಳೆಸಿದ ಊರಿನೊಳಗೊಂದು ಜಾಗ.

ಆ ಹಾಜರಿ ಪುಸ್ತಕದಲ್ಲಿ ಎಂದೂ ಹೆಸರಿಲ್ಲದ ಒಂದು ಗುಂಪೂ ಇತ್ತು. ಊರಲ್ಲಿ ಸಂಸಾರ ಬಿಟ್ಟು ಒಂಟಿಯಾಗಿ ಬಂದ ಕಾರ್ಮಿಕರಿಗೆ ತಮ್ಮ ಕೋಣೆಗಳಲ್ಲೇ ಅಡುಗೆ ಮಾಡಿ ಬಡಿಸುತ್ತಿದ್ದ ಖಾನಾವಳಿಯ ಹೆಂಗಸರು ಅವರು. ಖಾನಾವಳಿ ಎಂದರೆ ಏನೆಂದು ಹುಬ್ಬಳ್ಳಿ–ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಲದ ಬಡ್ಡಿಯಲ್ಲಿ ಮುಳುಗಿದ್ದ ಇಂಥ ಹೆಂಗಸರನ್ನು ಒಟ್ಟುಗೂಡಿಸಿ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಮಗ್ಗ ಓಡಿಸಿದ ಕೈಗೆ ಅನ್ನ ಹಾಕಿದ ಕೈ ಇವರದು. ಆದರೆ ಗಂಡನೋ ತಂದೆಯೋ ಗಿರಣಿಯಲ್ಲಿ ಇದ್ದರಷ್ಟೇ ಇವರಿಗೆ ಅರ್ಜಿಯ ಬಾಗಿಲು ತೆರೆಯುತ್ತಿತ್ತು. ತಮ್ಮದೇ ದುಡಿಮೆಯ ಬಲದ ಮೇಲೆ ಕೇಳುವಂತಿರಲಿಲ್ಲ. ಮಾಲೀಕರಿಗೆ ಕಾರ್ಮಿಕರು ಕಾಣದಿದ್ದರೆ, ಕಾರ್ಮಿಕರ ಪಟ್ಟಿಗೆ ಇವರು ಕಾಣಲಿಲ್ಲ. ನ್ಯಾಯ ಮಾಡಲೆಂದೇ ಹೊರಟ ಪಟ್ಟಿಯೂ ಯಾರನ್ನೋ ಖಾಲಿ ಎಂದು ಬಿಟ್ಟುಬಿಡುತ್ತದೆ.

ಇಲ್ಲಿ ನನಗೆ ನೆರವಾಗುವುದು ನಮ್ಮ ಹಳೆಯ ಮಾತು, ಋಣ. ಹಕ್ಕಿಗೆ ದಾಖಲೆ ಬೇಕು, ಕೊನೆಯ ದಿನಾಂಕ ಬೇಕು; ಕೋರ್ಟು ತೀರ್ಪು ಕೊಟ್ಟ ಮೇಲೆ ಅದರ ಕತೆ ಮುಗಿಯಿತು. ಅನ್ನದ ಋಣಕ್ಕೆ ಹಾಜರಿ ಪುಸ್ತಕ ಬೇಕಿಲ್ಲ. ಕೊಟ್ಟವರು ಕೇಳದಿದ್ದರೂ ಉಂಡವರಿಗೆ ಅದು ಗೊತ್ತಿರುತ್ತದೆ. ಆದರೆ ಈ ಮಾತಿನಲ್ಲಿ ಒಂದು ಅಪಾಯವೂ ಇದೆ. ಋಣ ಎಂದು ಕೈಮುಗಿದು, ಕಾಸು ಬಿಚ್ಚದೆ ನಡೆದುಬಿಡಬಹುದು. ಹೊಗೆಕೊಳವೆಯನ್ನು ಉಳಿಸಿಕೊಂಡು ಅದಕ್ಕೆ ದೀಪ ಹಾಕುವುದು ಅಂಥ ಕೈಮುಗಿಯುವಿಕೆ. ಹಕ್ಕಿನ ಬದಲಿಗೆ ಋಣವನ್ನು ತಂದು ಕೂರಿಸಲಾಗದು. 1991ರ ಮೂರು ಪಾಲಿನ ನಿಯಮ ನನಗೆ ಇಂದಿಗೂ ಮುಖ್ಯವೆನಿಸುವುದು ಅದಕ್ಕೇ. ಯಾರ ಹೆಸರು ಪಟ್ಟಿಯಲ್ಲಿದೆ ಎಂದು ಕೇಳದೆ, ಊರಿನಿಂದ ಪಡೆದದ್ದರಲ್ಲಿ ಒಂದು ಪಾಲನ್ನು ಊರಿಗೇ ಹಿಂತಿರುಗಿಸು ಎಂದು ಅದು ಹೇಳಿತ್ತು. ಆಡಲು ಬಂದ ಮಗುವನ್ನು ಮೈದಾನ ಯಾವ ದಾಖಲೆಯನ್ನೂ ಕೇಳುವುದಿಲ್ಲ, ಅದು ಖಾನಾವಳಿಯವಳ ಮೊಮ್ಮಗುವಾದರೂ ಸರಿ.

ನಮ್ಮ ಬಿನ್ನಿಪೇಟೆಯಲ್ಲೂ ಗಿರಣಿಯ ನೆಲದ ಮೇಲೆ ಅಪಾರ್ಟ್‌ಮೆಂಟುಗಳು ಎದ್ದಿವೆ. ನನ್ನ ವಯಸ್ಸಿನವರು ಸಾಲ ಮಾಡಿ ಇಂಥ ಮನೆ ಕೊಳ್ಳುತ್ತಾರೆ. ನಾಳೆ ನಾನೂ ಕೊಂಡೇನು. ಕೊಂಡವರು ತಪ್ಪಿತಸ್ಥರಲ್ಲ. ಆದರೆ ಮನೆ ತೋರಿಸಲು ಬಂದವರು 'ಮೊದಲು ಇಲ್ಲಿ ಏನೂ ಇರಲಿಲ್ಲ ಸಾರ್, ಖಾಲಿ ಬಿದ್ದಿತ್ತು' ಎಂದಾಗ, ಯಾರು ಖಾಲಿ ಮಾಡಿಸಿದ್ದು ಎಂದಾದರೂ ಕೇಳಬೇಕು.