ಇಂದಿನ ಧಮ್ಮ ಚಿಂತನೆ: ಮೂರು ಚೊಂಬು ನೀರು

 

ಇವತ್ತು ಬರೆಯುವ ಸರದಿ ನನ್ನದು. ಯಾವುದಾದರೂ ಒಂದು ಸುತ್ತದ ಬಗ್ಗೆ ಬರೆಯೋಣ ಎಂದು ಪುಸ್ತಕ ತೆಗೆದಿಟ್ಟಿದ್ದೆ. ಆದರೆ ಹದಿನೈದು ದಿನದಿಂದ ಒಂದು ಸಂಗತಿ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿದೆ. ಅದನ್ನು ಬಿಟ್ಟು ಬೇರೆ ಬರೆದರೆ ಅದು ಪಾಠವಾಗುತ್ತದೆಯೇ ಹೊರತು ಚಿಂತನೆಯಾಗುವುದಿಲ್ಲ. ಹಾಗಾಗಿ ಅದನ್ನೇ ಹೇಳುತ್ತೇನೆ.

ನಮ್ಮೂರು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಬಾಬಾಬುಡನ್ ಗಿರಿ ಸಾಲಿನ ಬುಡದಲ್ಲಿದೆ. ಮನೆಗೆ ನಲ್ಲಿ ಬಂದಿದೆ. ಆದರೂ ನಮ್ಮ ಅವ್ವನಿಗೆ ನಲ್ಲಿ ನೀರಿನ ಚಹಾ ರುಚಿಸುವುದಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಎರಡು ಕ್ಯಾನ್ ಹಿಡಿದು ಗುಡ್ಡದ ಒರತೆಗೆ ಹೋಗುವುದು ನಮ್ಮ ಮನೆಯ ರೂಢಿ. ಮಳೆಗಾಲದ ನೀರು ಮೇಲಿನ ಹುಲ್ಲುಗಾವಲಿನಲ್ಲಿ, ಶೋಲಾ ಕಾಡಿನ ಮಣ್ಣಿನಲ್ಲಿ ಇಂಗಿ, ಬಂಡೆಯ ಬಿರುಕು ಹಿಡಿದು ನಿಧಾನಕ್ಕೆ ಇಳಿದು, ಇಲ್ಲಿ ಹೊರಗೆ ಬರುತ್ತದೆ. ಅದಕ್ಕೇ ಏಪ್ರಿಲ್ ತಿಂಗಳಲ್ಲೂ ಅದು ಬತ್ತುವುದಿಲ್ಲ. ಹಿಂದೆ ಅಡಿಕೆ ದಬ್ಬೆ ಇಟ್ಟಿದ್ದರು, ಈಗ ಪ್ಲಾಸ್ಟಿಕ್ ಪೈಪು ಇದೆ. ಆ ನೀರಿಗೆ ಬೀಗವಿಲ್ಲ, ಬಿಲ್ಲಿಲ್ಲ.

ಆದರೆ ಅವ್ವನ ಕಾಲದಲ್ಲಿ ಬೀಗವಿತ್ತು. ಕಣ್ಣಿಗೆ ಕಾಣದ ಬೀಗ. ನಮ್ಮ ಕೇರಿಯ ಹೆಂಗಸರು ಒರತೆಯ ಕೆಳಗೆ, ಹೆಚ್ಚಾದ ನೀರು ಹರಿದುಹೋಗುವ ಕಡೆ ಕೊಡ ಇಟ್ಟುಕೊಂಡು ಕೂರಬೇಕಿತ್ತು. ಮೇಲಿನವರು ಯಾರಾದರೂ ಬಂದು, ಮನಸ್ಸಾದರೆ, ಮೇಲಿನಿಂದ ಸುರಿಯುತ್ತಿದ್ದರು. ಇಲ್ಲದಿದ್ದರೆ ಹರಿದ ನೀರೇ ಗತಿ. ಈ ಕಥೆಯನ್ನು ನಾನು ಶಾಲೆಯಲ್ಲಿ ಹೇಳಿದ್ದೇನೆ, ಭಾಷಣಗಳಲ್ಲಿ ಹೇಳಿ ಚಪ್ಪಾಳೆಯನ್ನೂ ತೆಗೆದುಕೊಂಡಿದ್ದೇನೆ.

ಅವತ್ತು ಅವ್ವನೂ ನನ್ನ ಜೊತೆ ಬಂದಿದ್ದಳು. ನಾವು ಹೋದಾಗ ಗುಡ್ಡ ನೋಡಲು ಬಂದಿದ್ದ ಬೈಕಿನ ಹುಡುಗರು ಪೈಪಿಗೇ ಬಾಯಿಟ್ಟು ನೀರು ಕುಡಿಯುತ್ತಿದ್ದರು. ಅವರ ಜೊತೆ ನಗುತ್ತಾ ಮಾತಾಡಿ, ಅವರು ಹೋದ ಮೇಲೆ ಮೊದಲ ಕ್ಯಾನ್ ತುಂಬಿಸಿದೆ. ಅಷ್ಟರಲ್ಲಿ ಕಾಫಿ ತೋಟದ ಲೈನಿನ ಕೂಲಿ ಕುಟುಂಬವೊಂದು ಬಂತು. ಜಾರ್ಖಂಡ್ ಕಡೆಯವರು. ಆರು ವರ್ಷದ ಒಂದು ಮಗು ಓಡಿಬಂದು ಅದೇ ಪೈಪಿಗೆ ಬಾಯಿಟ್ಟು ಗಟಗಟ ಕುಡಿಯಿತು. ಮೂಗು ಸುರಿಯುತ್ತಿತ್ತು, ಕೈಯೆಲ್ಲ ಮಣ್ಣು.

ಮಗು ಪಕ್ಕಕ್ಕೆ ಸರಿದ ಮೇಲೆ ನಾನು ಚೊಂಬಿನಲ್ಲಿ ನೀರು ಹಿಡಿದು ಪೈಪಿನ ಬಾಯನ್ನು ತೊಳೆದೆ. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಎರಡನೇ ಕ್ಯಾನ್ ಇಟ್ಟೆ. ಮಗುವಿನ ಅಪ್ಪ ಅದನ್ನು ನೋಡಿದ. ಏನೂ ಹೇಳಲಿಲ್ಲ. ಮಗುವಿನ ಕೈ ಹಿಡಿದು ಸ್ವಲ್ಪ ದೂರ ನಿಂತ.

ದಾರಿಯಲ್ಲಿ ಅವ್ವ ಒಂದೇ ಮಾತು ಹೇಳಿದಳು: "ನಮ್ಮ ಕೊಡ ತಾಗಿದ್ರೂ ಹಿಂಗೇ ಮೂರು ಸಲ ತೊಳೀತಿದ್ರು ಮಗಾ."

ಬಂಧುಗಳೇ, ಸ್ವಚ್ಛತೆಗಾಗಿ ತೊಳೆದೆ ಎಂದು ನನ್ನ ಮನಸ್ಸು ತಕ್ಷಣ ವಾದ ಹೂಡಿತು. ಪಂಚಶೀಲದಲ್ಲಿ ಯಾವುದನ್ನು ಮುರಿದೆ ಎಂದೂ ಕೇಳಿತು. ಆದರೆ ಬೈಕಿನ ಹುಡುಗರು ಬಾಯಿಟ್ಟಾಗ ನಾನೇಕೆ ತೊಳೆಯಲಿಲ್ಲ? ಈ ಒಂದು ಪ್ರಶ್ನೆಗೆ ನನ್ನ ಎಂ.ಎ. ಪದವಿಯಲ್ಲಿ ಉತ್ತರವಿರಲಿಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆ ನೀರು ಕುಡಿದರು. ಅದು ಬಾಯಾರಿಕೆಯ ಪ್ರಶ್ನೆಯಾಗಿರಲಿಲ್ಲ, ನಾವೂ ಮನುಷ್ಯರು ಎಂದು ತೋರಿಸುವ ಪ್ರಶ್ನೆಯಾಗಿತ್ತು. ಆಮೇಲೆ ಸವರ್ಣೀಯರು ಏನು ಮಾಡಿದರು? 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ನಾವೆಲ್ಲ ಪ್ರತಿ ವರ್ಷ ಆ ದಿನವನ್ನು ನೆನೆಯುತ್ತೇವೆ. ಅವರದು 108 ಕೊಡ. ನನ್ನದು ಮೂರು ಚೊಂಬು. ಲೆಕ್ಕ ಬೇರೆ, ಕೆಲಸ ಒಂದೇ. ಜಾತಿ ಒಂದು ಮೆಟ್ಟಿಲು ಸಾಲು ಎಂದು ಬಾಬಾಸಾಹೇಬರು ಎಚ್ಚರಿಸಿದ್ದರು. ಮೇಲಿನವನು ತುಳಿದಾಗ ನೋಯುವವನು ತನಗಿಂತ ಕೆಳಗೆ ಒಬ್ಬ ಸಿಕ್ಕರೆ ಸಮಾಧಾನಪಡುತ್ತಾನೆ. ನಾನೂ ಅವತ್ತು ಆ ಮೆಟ್ಟಿಲ ಮೇಲೇ ನಿಂತಿದ್ದೆ.

ಥೇರೀಗಾಥೆಯಲ್ಲಿ ಪುಣ್ಣಿಕಾ ಎಂಬ ಥೇರಿ ಬರುತ್ತಾಳೆ. ಆಕೆ ನೀರು ಹೊರುವ ದಾಸಿಯಾಗಿದ್ದಳು. ಒಡತಿಯರ ಹೊಡೆತಕ್ಕೆ ಹೆದರಿ ಕೊರೆಯುವ ಚಳಿಯಲ್ಲೂ ನದಿಗೆ ಇಳಿಯುತ್ತಿದ್ದವಳು. ಅಲ್ಲೊಬ್ಬ ಬ್ರಾಹ್ಮಣ ನಡುಗುತ್ತಾ ಮುಳುಗಿ ಏಳುತ್ತಿದ್ದ. ನಾನಾದರೋ ಹೆದರಿ ಇಳಿಯುತ್ತೇನೆ, ನೀನು ಯಾರಿಗೆ ಹೆದರಿ ಎಂದು ಕೇಳಿದಳು. ಪಾಪ ತೊಳೆಯಲು ಎಂದ. ನೀರಿನಿಂದ ಪಾಪ ಹೋಗುವುದಾದರೆ ಕಪ್ಪೆ, ಆಮೆ, ಮೊಸಳೆಗಳೆಲ್ಲ ಸ್ವರ್ಗಕ್ಕೆ ಹೋಗಬೇಕಲ್ಲ ಎಂದಳು. ನೀರು ಪಾಪವನ್ನು ಒಯ್ಯುವುದಾದರೆ ಪುಣ್ಯವನ್ನೂ ಒಯ್ಯಬೇಕಲ್ಲ ಎಂದೂ ಕೇಳಿದಳು. ಕೊನೆಗೆ ಆ ಬ್ರಾಹ್ಮಣ ತ್ರಿಶರಣಕ್ಕೆ ಬಂದ. ಈ ಗಾಥೆಯನ್ನು ನಾನು ಯಾವಾಗಲೂ ಆ ಬ್ರಾಹ್ಮಣನನ್ನು ನೋಡಿ ನಗುತ್ತಾ ಓದುತ್ತಿದ್ದೆ. ಈ ಸಲ ಓದಿದಾಗ ನದಿಯಲ್ಲಿ ನಿಂತು ನಡುಗುತ್ತಿದ್ದವನು ನಾನೇ. ಕೊಳೆ ಪೈಪಿನಲ್ಲಿರಲಿಲ್ಲ.

1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ಮತ್ತೆ ನೋಡಿದೆ. ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು ಒಂಬತ್ತನೆಯದು. ಸಮಾನತೆಯನ್ನು ನೆಲೆಗೊಳಿಸಲು ಪ್ರಯತ್ನಿಸುವುದು ಹತ್ತನೆಯದು. ಎರಡನ್ನೂ ಏಕೆ ಬೇರೆ ಬೇರೆ ಇಟ್ಟರು ಎಂಬುದು ನನಗೆ ಈಗ ಅರ್ಥವಾಗುತ್ತಿದೆ. ನಂಬುವುದು ನಾಲಿಗೆಗೆ ಸುಲಭ. ಕೈಗೆ ಅದನ್ನು ದಿನದಿನವೂ ಕಲಿಸಬೇಕು.

ಮೊನ್ನೆ ಭಾನುವಾರ ಮತ್ತೆ ಹೋದೆ. ಅದೇ ಮನುಷ್ಯ ನೀರು ಹಿಡಿಯುತ್ತಿದ್ದ. ನನ್ನನ್ನು ಕಂಡ ಕೂಡಲೇ ಅರ್ಧ ತುಂಬಿದ ಕ್ಯಾನ್ ಎತ್ತಿಕೊಂಡು ಪಕ್ಕಕ್ಕೆ ಸರಿದ. ಎದೆ ಧಸಕ್ಕೆಂದಿತು. ಸರಿದು ನಿಲ್ಲುವ ಆ ಪಾಠವನ್ನು ಅವನಿಗೆ ಕಲಿಸಿದವನು ಮೇಷ್ಟ್ರಾದ ನಾನೇ. ಬಂದಷ್ಟು ಹಿಂದಿಯಲ್ಲಿ, ಮೊದಲು ನಿಮ್ಮದು ತುಂಬಲಿ ಎಂದೆ. ಅವನು ಅನುಮಾನದಿಂದಲೇ ಕ್ಯಾನ್ ಇಟ್ಟ. ಮಗು ಮತ್ತೆ ಬಾಯಿಟ್ಟು ಕುಡಿಯಿತು. ಅದರ ನಂತರ ನಾನೂ ಬೊಗಸೆ ಹಿಡಿದು ಕುಡಿದೆ, ತೊಳೆಯದೆ ನನ್ನ ಕ್ಯಾನ್ ತುಂಬಿಸಿದೆ. ಇದರಿಂದ ಎಲ್ಲ ಸರಿಹೋಯಿತು ಎಂದು ಹೇಳುವುದಿಲ್ಲ. ಅವನು ಇನ್ನೂ ನನ್ನ ಮುಖ ನೋಡಿ ನಕ್ಕಿಲ್ಲ.

*ಇಂದಿನ ಅಭ್ಯಾಸ:* ಇವತ್ತು ನೀರು ಕುಡಿಯುವಾಗಲೆಲ್ಲ ಒಂದು ಕ್ಷಣ ನಿಲ್ಲೋಣ. ನಾನು ಯಾರ ಲೋಟ ಬೇರೆ ಇಟ್ಟಿದ್ದೇನೆ? ಮನೆಗೆಲಸದವರದೋ, ಪೌರಕಾರ್ಮಿಕರದೋ, ನಮ್ಮಲ್ಲೇ ಇನ್ನೊಂದು ಒಳಪಂಗಡದವರದೋ? ಉತ್ತರವನ್ನು ಗುಂಪಿನಲ್ಲಿ ಬರೆಯಬೇಕಾಗಿಲ್ಲ. ಆ ಲೋಟವನ್ನು ಉಳಿದ ಲೋಟಗಳ ಜೊತೆ ಇಟ್ಟರೆ ಸಾಕು.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.